ಶ್ರಾವ್ಯ ಬೇಕೆಂದೇ ಸೋಲುವುದು ಬೇಡ

ನಮಸ್ಕಾರ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ಶ್ರಾವ್ಯ, ಅಭಿಜಿತ್ ಎಂಬಿಬ್ಬರು ಮೊದಲ ಸ್ಥಾನಕ್ಕೆ ಕಿತ್ತಾಡುತ್ತಲೇ ಒಬ್ಬರಿಗೊಬ್ಬರು ಮನಸೋಲುವ ನಿಮ್ಮ ಕಾದಂಬರಿಯ 38 ಅಧ್ಯಾಯಗಳನ್ನೂ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ತಿದ್ದಿದರೆ ನಿಲ್ಲುವ ಪುಸ್ತಕ ಇದು, ಅದಕ್ಕೇ ಎರಡು ಸಾಲಿನ ವಿಷಾದಪತ್ರ ಕಳಿಸದೆ ಇಷ್ಟುದ್ದ ಬರೆಯುತ್ತಿದ್ದೇವೆ.

ಮೊದಲು ಅಡಿಪಾಯ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ 625ಕ್ಕೆ 620, ಅವಳಿಗೆ 619 ಬಂತೆಂಬುದರ ಮೇಲೆ ಇಡೀ ಜಗಳ ನಿಂತಿದೆ. ಆ 625 ಕರ್ನಾಟಕದ ಲೆಕ್ಕ. ಗಡಿಯ ತಲಪಾಡಿಯಿಂದ ಈಚೆ, ಕೇರಳದಲ್ಲಿ, 2005ರಿಂದ ಗ್ರೇಡು. ಪ್ರಮಾಣಪತ್ರದಲ್ಲಿ ಅಂಕ ಇರುವುದಿಲ್ಲ. ಶೇಕಡಾ 90 ಮುಟ್ಟಿದವರಿಗೆಲ್ಲ ಎ ಪ್ಲಸ್. ನಿಮ್ಮ ಇಬ್ಬರಿಗೂ ಹತ್ತಕ್ಕೆ ಹತ್ತು ಎ ಪ್ಲಸ್ ಬಂದು, ಪೇಟೆಯ ಒಂದೇ ಫ್ಲೆಕ್ಸಿನಲ್ಲಿ ಅಕ್ಕಪಕ್ಕ ನಗುತ್ತಿರುತ್ತಾರೆ. ತಾನು ಗೆದ್ದೆನೆಂದು ಇಬ್ಬರಿಗೂ ಹೇಳಲಿಕ್ಕಾಗದ ಆ ಫ್ಲೆಕ್ಸಿನಿಂದಲೇ ಯಾಕೆ ಶುರು ಮಾಡಬಾರದು? ನಿಮ್ಮ 619ಕ್ಕಿಂತ ಅದು ಹೆಚ್ಚು ಉರಿಸುತ್ತದೆ.

ಅಂಕದ ಜಗಳ ಬೇಕೇ ಬೇಕೆಂದರೆ ಪ್ಲಸ್ ಟು, ಅಂದರೆ ಇಲ್ಲಿನ ಪಿಯುಸಿ, ಇದೆ. ಎರಡು ವರ್ಷ ಸೇರಿ 1200 ಅಂಕ. ಫಿಸಿಕ್ಸಿನ 200ರಲ್ಲಿ ವರ್ಷಕ್ಕೆ 60 ಬರವಣಿಗೆಗೆ, 20 ನಿರಂತರ ಮೌಲ್ಯಮಾಪನಕ್ಕೆ, ಕೊನೆಗೆ 40 ಪ್ರಾಕ್ಟಿಕಲ್‌ಗೆ. ಆ 20 ಟೀಚರ ಕೈಯಲ್ಲಿರುವುದು; ಅನುಮಾನ, ಅಸೂಯೆ ಹುಟ್ಟುವುದೂ ಅಲ್ಲೇ. ಮೊದಲ ವರ್ಷದ ಪ್ಲಸ್ ವನ್ನಿನಲ್ಲಿ ಹಿಂದೆ ಬಿದ್ದವರಿಗೆ ಇಂಪ್ರೂವ್‌ಮೆಂಟ್ ಪರೀಕ್ಷೆಯಲ್ಲಿ ಮೂರು ವಿಷಯದವರೆಗೆ ಮತ್ತೆ ಬರೆಯುವ ಅವಕಾಶವಿದೆ. ಮುಂದಿದ್ದೇನೆಂದು ನೆಮ್ಮದಿಯಾಗಿದ್ದ ಅಭಿಜಿತ್‌ಗೆ ಪಟ್ಟಿ ತಿರುಗಿಬಿದ್ದರೆ ಕತೆಗೆ ತಾನಾಗಿ ಒಂದು ತಿರುವು.

ಆದರೂ ನಮ್ಮ ಒಲವು ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದ ಕಡೆಗೆ. ಅಂಕ ಇಬ್ಬರಿಗೂ ಸಮ ಬರಬಹುದು, ವೇದಿಕೆ ಒಬ್ಬರಿಗೇ. 20ನೇ ಅಧ್ಯಾಯದಲ್ಲಿ ಇಬ್ಬರನ್ನೂ ಕುಂಬಳೆ ಉಪಜಿಲ್ಲಾ ಕಲೋತ್ಸವದ ಕನ್ನಡ ಭಾಷಣಕ್ಕೆ ನಿಲ್ಲಿಸಿದ್ದೀರಿ. ಅದಾಗದು: ಒಂದು ಶಾಲೆಯಿಂದ ಒಂದು ವೈಯಕ್ತಿಕ ಸ್ಪರ್ಧೆಗೆ ಒಬ್ಬರೇ. ಹಾಗಾಗಿ ನಿಜವಾದ ಕಾಳಗ ಶಾಲೆಯೊಳಗಿನ ಆಯ್ಕೆಯಲ್ಲಿ, ಇಬ್ಬರ ಗುರುತೂ ಇರುವ ಅಧ್ಯಾಪಕರ ಎದುರು. ಸೋತವರು ಅಲ್ಲಿಗೆ ಮುಗಿದರು. ಗೆದ್ದವರು ಉಪಜಿಲ್ಲೆಯಲ್ಲೂ ಮೊದಲು ಬಂದರೆ ಮಾತ್ರ ಜಿಲ್ಲೆಗೆ. ಎರಡನೆಯವರಾದರೆ ಶುಲ್ಕ ಕಟ್ಟಿ ಅಪೀಲು ಹೋಗಬೇಕು. ಆ ಅಪೀಲಿನ ಅರ್ಜಿ ಬರೆಯಲು ಶ್ರಾವ್ಯಳಿಗೆ ನೆರವಾಗುವವನು ಅಭಿಜಿತ್ ಆಗಿದ್ದರೆ? ಅವಳ ಭಾಷಣದ ಬಲ ಯಾವುದು, ಎಲ್ಲಿ ತೊದಲುತ್ತಾಳೆ ಎಂಬುದು ಅವನಷ್ಟು ಇನ್ಯಾರಿಗೂ ಗೊತ್ತಿಲ್ಲ. ಎದುರಾಳಿಗಳ ಪ್ರೀತಿ ಇಂಥ ಗಮನದಲ್ಲಿ ಹುಟ್ಟಬೇಕು. ನೀವು ಅದನ್ನು 14ನೇ ಅಧ್ಯಾಯದ ಮಳೆ ಮತ್ತು ಒಂದೇ ಕೊಡೆಗೆ ವಹಿಸಿಬಿಟ್ಟಿದ್ದೀರಿ.

ಇನ್ನು ಕೊನೆ. ಅವನ ಮನೆಯ ಕಷ್ಟ ತಿಳಿದ ಶ್ರಾವ್ಯ ಕೆಮಿಸ್ಟ್ರಿಯಲ್ಲಿ ಬೇಕೆಂದೇ ಒಂದು ಪ್ರಶ್ನೆ ಬಿಟ್ಟು ಅವನನ್ನು ಗೆಲ್ಲಿಸುತ್ತಾಳೆ. ನಮಗೆ ಸಿಟ್ಟೇ ಬಂತು. 37 ಅಧ್ಯಾಯ ಅರ್ಧ ಅಂಕಕ್ಕೂ ಮರುಮೌಲ್ಯಮಾಪನ ಕೇಳಿದ ಹುಡುಗಿ ಅವಳು. ಹೀಗೆ ಮಾಡಿದರೆ ಅವಳ ಓದು ಸುಳ್ಳು, ಅವನ ಗೆಲುವು ಭಿಕ್ಷೆ. ಓದುಗ ಹುಡುಗಿಯರಿಗೆ ಹೋಗುವ ಸಂದೇಶವನ್ನು ನಾವು ಬಿಡಿಸಿ ಹೇಳಬೇಕಿಲ್ಲ. ಇಬ್ಬರೂ ಪೂರ್ತಿ ಬಲದಿಂದ ಬರೆಯಲಿ, ಒಬ್ಬರು ಸೋಲಲಿ. ಸೋತ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಹೇಗೆ ಮಾತಾಡುತ್ತಾರೆ ಎಂಬುದೇ ನಿಮ್ಮ ಕೊನೆಯ ಅಧ್ಯಾಯ.

11ನೇ ಅಧ್ಯಾಯದ ತರಗತಿಯ ದೃಶ್ಯ ಮುಟ್ಟಬೇಡಿ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಶ್ರಾವ್ಯಳಿಗೆ ಉತ್ತರ ಗೊತ್ತು, ಪದ ಮಾತ್ರ ಇಂಗ್ಲಿಷಿನಲ್ಲಿ ಬಾಯಿಗೆ ಬರುವುದಿಲ್ಲ. ಟೀಚರ್ ಮಲಯಾಳದಲ್ಲಿ ಮುಂದಿನವನನ್ನು ಕೇಳುತ್ತಾರೆ, ಅಭಿಜಿತ್ ಅವಳದೇ ಉತ್ತರ ಹೇಳಿ ಕೂರುತ್ತಾನೆ. ಇಬ್ಬರ ಸ್ಪರ್ಧೆ ಸಮನೆಲದಲ್ಲಿ ನಡೆಯುತ್ತಿಲ್ಲವೆಂದು ಹಸ್ತಪ್ರತಿಗೆ ಅರಿವಾಗುವುದು ಅಲ್ಲೊಂದೇ ಕಡೆ. 12ರಿಂದ ಅದು ಮರೆತೇಹೋಗುತ್ತದೆ. ಅಭಿಜಿತ್ ಅದನ್ನು ಎಂದಾದರೂ ತಾನಾಗಿ ಒಪ್ಪಿಕೊಳ್ಳಬೇಕಲ್ಲ?

ಮಾತಿನ ಬಗ್ಗೆ. "ನೀನು ನನ್ನನ್ನು ಸೋಲಿಸಲು ಸಾಧ್ಯವೇ ಇಲ್ಲ" ಎಂದು ಬದಿಯಡ್ಕದ ಹದಿನೇಳರ ಹುಡುಗಿ ಹೇಳುವುದಿಲ್ಲ. "ಎಂತ ಮಾರಾಯ, ಮೂರನೇ ಸ್ಟೆಪ್ಪಿನ ಮೈನಸ್ ಎಲ್ಲಿಗೆ ಹೋಯ್ತು?" ಅಂದರೆ ಸಾಕು, ಅವನು ರಾತ್ರಿಯಿಡೀ ನಿದ್ದೆಗೆಡುತ್ತಾನೆ. ಕೆಣಕುವ ಮಾತೆಲ್ಲ ಪಾಠದ ಒಳಗಿಂದ ಬರಲಿ. ಅಲ್ಲಲ್ಲಿ ನುಸುಳಿದ ಬೆಂಗಳೂರಿನ "ಗುರೂ"ಗಳನ್ನು ತೆಗೆಯಿರಿ. ತುಳು, ಮಲಯಾಳ ಸಾಲುಗಳಿಗೆ ಅಡಿಟಿಪ್ಪಣಿ ಬೇಡ, ಎದುರಿನವರ ಉತ್ತರದಿಂದಲೇ ಅರ್ಥ ಆಗುವಂತೆ ಬರೆಯಿರಿ.

ದಸರಾಕ್ಕೆ ಎರಡು ವಾರ ರಜೆ ಕೊಟ್ಟಿದ್ದೀರಿ. ಇಲ್ಲಿ ದೊಡ್ಡ ರಜೆ ಓಣಂಗೆ, ಆಮೇಲೆ ಕ್ರಿಸ್‌ಮಸ್‌ಗೆ, ಎರಡಕ್ಕೂ ಮುಂಚೆ ಪರೀಕ್ಷೆ. 9ರಿಂದ 13ನೇ ಅಧ್ಯಾಯದವರೆಗಿನ ಕ್ಯಾಲೆಂಡರ್ ಪೂರ್ತಿ ಬದಲಾಗಬೇಕು.

ಅಧ್ಯಾಯಗಳ ನೆತ್ತಿಯ ಮೇಲೆ ಇಡೀ ಪದ್ಯಗಳನ್ನು ಹಾಕಿದ್ದೀರಿ. ಕವಿ ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರು ಬದುಕಿದ್ದಾಗ ಅಚ್ಚಾದ ಪದ್ಯಗಳು 2023ರ ಕೊನೆಗೆ ಮುಕ್ತವಾದವು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡರು, ಆದ್ದರಿಂದ ಅವರ ಪದ್ಯಕ್ಕೆ ವಾರಸುದಾರರ ಲಿಖಿತ ಒಪ್ಪಿಗೆ ಬೇಕು. ನಮ್ಮನ್ನು ಕೇಳಿದರೆ, ಎಲ್ಲವನ್ನೂ ತೆಗೆಯುವುದು ವಾಸಿ.

1,12,000 ಪದ ಈ ಕತೆಗೆ ಜಾಸ್ತಿಯಾಯಿತು, 70,000 ಸಾಕು. ಮೊದಲ ಆರು ಅಧ್ಯಾಯ ಮನೆ, ತೋಟ, ಅಜ್ಜಿ. ಇಬ್ಬರೂ ಎದುರಾಗುವುದು ಏಳರಲ್ಲಿ. ಆ ಏಳನ್ನೇ ಮೊದಲ ಅಧ್ಯಾಯ ಮಾಡಿ. ಅಜ್ಜಿಗೆ ಆಮೇಲೆ ಜಾಗ ಸಿಗುತ್ತದೆ.

ಸದ್ಯಕ್ಕೆ ಹೊಸ ಮೊದಲ ಮೂರು ಅಧ್ಯಾಯ, ಕಲೋತ್ಸವದ ಭಾಗ ಮತ್ತು ಒಂದು ಪುಟದ ಕಥಾಸಾರ ಕಳಿಸಿ. ಯೂನಿಕೋಡಿನಲ್ಲೇ ಇರಲಿ. 'ನುಡಿ' ತಂತ್ರಾಂಶದಿಂದ ಪರಿವರ್ತಿಸಿದ್ದಾದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ನೋಡಿಕೊಳ್ಳಿ, ಈ ಸಲ ತುಂಬ ಕಡೆ ಕೆಟ್ಟಿದ್ದವು.