ಹಾರ ಹಾಕಿದವರ ಹೊಣೆ

ಓದುಗರ ಪತ್ರ (ಸಾರಾಂಶ): ಮಾನವ ಹಕ್ಕುಗಳ ಹೋರಾಟಗಾರರಿಗೆ ಸಲ್ಲುವ ಪ್ರಶಸ್ತಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಹಾಕಿದ ಲೇಖನ ಓದಿದೆ. ನನ್ನ ಪ್ರಕಾರ ಇದೆಲ್ಲ ಹೊನ್ನಶೂಲ. ಎಲ್ಲೋ ಮೂಲೆಯಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವರನ್ನು ವೇದಿಕೆ ಹತ್ತಿಸಿ ಆಗದವರ ಕಣ್ಣಿಗೆ ಬೀಳಿಸುತ್ತೀರಿ. ನೂರು ಜನ ಸೇರಿ ಮಾಡಿದ್ದನ್ನು ಒಬ್ಬರ ಲೆಕ್ಕಕ್ಕೆ ಬರೆಯುತ್ತೀರಿ. ಹೊರದೇಶದವರ ಕೈಗೊಂಬೆ ಎಂಬ ಅಪವಾದ ಬೇರೆ. ಇಂಥ ಸುದ್ದಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. (ಹೆಸರು ಬೇಡ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ:

ಪತ್ರದಲ್ಲಿ ಖಾರ ಹೆಚ್ಚಿದೆ, ಹುರುಳೂ ಇದೆ. ಹೊನ್ನಶೂಲದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಸಲೀಸಾದ ಉತ್ತರ ನನ್ನಲ್ಲಿಲ್ಲ.

ಹೊಂಡುರಾಸ್‌ನ ಬೆರ್ತಾ ಕಾಸೆರೆಸ್ ಲೆಂಕಾ ಮೂಲನಿವಾಸಿ ಮಹಿಳೆ. ಗ್ವಾಲ್ಕಾರ್ಕೆ ನದಿಗೆ ಅಡ್ಡಲಾಗಿ ಅಣೆಕಟ್ಟು ಬರುತ್ತದೆ ಎಂದಾಗ ಅವರು ತಮ್ಮ ಜನರನ್ನು ಒಗ್ಗೂಡಿಸಿ, ಯಂತ್ರಗಳು ಹೋಗುವ ದಾರಿಗೇ ಅಡ್ಡ ನಿಂತರು. 2015ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ವರ್ಷ ತುಂಬುವ ಮೊದಲೇ, 2016ರ ಮಾರ್ಚ್ 2ರ ರಾತ್ರಿ, ಬಂದೂಕುಧಾರಿಗಳು ಮನೆಗೆ ನುಗ್ಗಿ ಅವರನ್ನು ಕೊಂದರು. ನಿಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಅನ್ನಿಸಬಹುದು. ಆದರೆ ಇನ್ನೊಂದು ಇಸವಿಯನ್ನೂ ನೋಡಿ. ಇವರಿಗೆ ರಕ್ಷಣೆ ಕೊಡಿ ಎಂದು ಅಂತರ್ ಅಮೆರಿಕ ಮಾನವ ಹಕ್ಕುಗಳ ಆಯೋಗ ಅಲ್ಲಿನ ಸರ್ಕಾರಕ್ಕೆ ಹೇಳಿದ್ದು 2009ರಲ್ಲಿ, ಪ್ರಶಸ್ತಿಗೂ ಆರು ವರ್ಷ ಮೊದಲು. ಶೂಲ ಮೊದಲೇ ನೆಟ್ಟಿತ್ತು. ಅದು ಪ್ರಶಸ್ತಿ ತಂದ ಆಪತ್ತಲ್ಲ.

ಪೊಲೀಸರು ಮೊದಮೊದಲು ಇದು ಕಳ್ಳತನದ ಯತ್ನ ಎಂದು ತೇಲಿಸಿದರು. ಆ ಕಥೆ ನಿಲ್ಲಲಿಲ್ಲ. 2018ರಲ್ಲಿ ಏಳು ಮಂದಿಯ ಮೇಲಿನ ಆರೋಪ ಸಾಬೀತಾಯಿತು, 2021ರಲ್ಲಿ ಅಣೆಕಟ್ಟು ಕಂಪನಿಯ ಮುಖ್ಯಸ್ಥನಾಗಿದ್ದವನೂ ಕಟಕಟೆಯಲ್ಲಿ ತಪ್ಪಿತಸ್ಥನೆನಿಸಿಕೊಂಡ. ಯೋಜನೆಗೆ ಸಾಲ ಕೊಟ್ಟಿದ್ದ ಯುರೋಪಿನ ಹಣಕಾಸು ಸಂಸ್ಥೆಗಳು ಹಿಂದೆ ಸರಿದವು. ಜಗತ್ತಿಗೆ ಹೆಸರು ಗೊತ್ತಿಲ್ಲದ ಹೆಂಗಸಾಗಿದ್ದರೆ ಆ ಕಡತ ಮೊದಲ ತಿಂಗಳಲ್ಲೇ ಮುಚ್ಚಿಹೋಗುತ್ತಿತ್ತು ಎಂದು ನನ್ನ ಅಂದಾಜು. ಹಾಗಂತ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನ್ಯಾಯ ಸಿಕ್ಕಿದ್ದು ಜೀವ ಹೋದ ಮೇಲೆ. ಹಾರ ಹಾಕಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುವಂತಿಲ್ಲ ಎಂಬುದೇ ನನ್ನ ವಾದದ ತಿರುಳು. ಪ್ರಶಸ್ತಿ ಪಡೆದವರ ಕೆಲಸ ಅವತ್ತಿಗೂ ನಡೆಯುತ್ತಿತ್ತು, ನಾಳೆಗೂ ನಡೆಯುತ್ತದೆ. ಹೊಸ ಹೊಣೆ ಬೀಳುವುದು ಕೊಟ್ಟವರ ಹೆಗಲಿಗೆ: ವಕೀಲರ ಖರ್ಚು, ಬೆದರಿಕೆ ಬಂದ ರಾತ್ರಿ ಎತ್ತಿಕೊಳ್ಳುವ ಫೋನು, ಅಗತ್ಯ ಬಿದ್ದರೆ ಕುಟುಂಬಕ್ಕೆ ತಲೆಮರೆಸಿಕೊಳ್ಳಲು ಜಾಗ.

ಹೊರದೇಶದ ಕೈಗೊಂಬೆ ಎಂಬ ಮಾತು ಹಳೆಯದು, ಬಹಳ ಹಳೆಯದು. ಜರ್ಮನಿ ಗುಟ್ಟಾಗಿ ವಾಯುಪಡೆ ಕಟ್ಟುತ್ತಿದೆ ಎಂಬ ವರದಿ ಪ್ರಕಟಿಸಿದ ಪತ್ರಕರ್ತ ಕಾರ್ಲ್ ಫಾನ್ ಒಸಿಯೆಟ್ಸ್‌ಕಿಯನ್ನು 1931ರಲ್ಲಿ ದೇಶದ್ರೋಹಿ ಎಂದು ಶಿಕ್ಷಿಸಿದರು. ವರದಿ ನಿಜವಾಗಿತ್ತು ಎಂಬುದು ಬೇರೆ ಮಾತು. ನಾತ್ಸಿಗಳು ಅವರನ್ನು ಯಾತನಾ ಶಿಬಿರಕ್ಕೆ ತಳ್ಳಿದಾಗ ಹೊರಗಿದ್ದವರು ನೊಬೆಲ್‌ಗಾಗಿ ಪಟ್ಟು ಹಿಡಿದರು. ಆ ಗದ್ದಲದ ಒತ್ತಡಕ್ಕೆ 1936ರಲ್ಲಿ ಅವರನ್ನು ಶಿಬಿರದಿಂದ ಆಸ್ಪತ್ರೆಗೆ ಸಾಗಿಸಲಾಯಿತು. ಅದೇ ವರ್ಷ ಶಾಂತಿ ಪ್ರಶಸ್ತಿ ಘೋಷಣೆಯಾದಾಗ ಹಿಟ್ಲರ್ ಎಷ್ಟು ಕೆರಳಿದನೆಂದರೆ, ಇನ್ನು ಯಾವ ಜರ್ಮನ್ ಪ್ರಜೆಯೂ ನೊಬೆಲ್ ತೆಗೆದುಕೊಳ್ಳಕೂಡದು ಎಂದು ಆಜ್ಞೆ ಹೊರಡಿಸಿದ. ಒಂದು ಪದಕಕ್ಕೆ ಅಷ್ಟು ದಿಗಿಲು! ಒಸಿಯೆಟ್ಸ್‌ಕಿ 1938ರಲ್ಲಿ ಕಾವಲಿನಲ್ಲೇ ತೀರಿಕೊಂಡರು.

ಒಬ್ಬರ ಹೆಸರಿಗೆ ಎಲ್ಲರ ಕೆಲಸ ಎಂಬ ನಿಮ್ಮ ಆಕ್ಷೇಪಕ್ಕೆ ನನ್ನ ಪೂರ್ತಿ ಸಹಮತವಿದೆ. 1962ರ ಆಗಸ್ಟ್ 31ರಂದು ಅಮೆರಿಕದ ಮಿಸಿಸಿಪ್ಪಿಯಲ್ಲಿ 18 ಮಂದಿ ಕಪ್ಪು ಜನರು ಒಂದು ಹಳೇ ಬಸ್ಸಿನಲ್ಲಿ 26 ಮೈಲಿ ದೂರದ ಇಂಡಿಯನೋಲಾಕ್ಕೆ ಹೊರಟರು, ಮತದಾರರ ಪಟ್ಟಿಗೆ ಹೆಸರು ಸೇರಿಸಲು. ಕಚೇರಿಯಲ್ಲಿ ರಾಜ್ಯ ಸಂವಿಧಾನದ ವಿಧಿಯೊಂದನ್ನು ನಕಲು ಮಾಡಿ ಅರ್ಥ ಬರೆಯಿರಿ ಎಂಬ ಪರೀಕ್ಷೆ. ಪಾಸಾಗದಂತೆ ನೋಡಿಕೊಳ್ಳುವುದಕ್ಕೇ ಇಟ್ಟಿದ್ದು. ವಾಪಸ್ ಬರುವಾಗ ಪೊಲೀಸರು ಬಸ್ ತಡೆದು, ಬಸ್ಸಿನ ಬಣ್ಣ ಸರಿಯಿಲ್ಲ, ಶಾಲಾ ಬಸ್ಸಿನಂತೆ ಹಳದಿಯಾಗಿದೆ ಎಂದು ಚಾಲಕನಿಗೆ ದಂಡ ಹಾಕಿದರು. ಆ 18 ಮಂದಿಯಲ್ಲಿ ಒಬ್ಬರು ಫ್ಯಾನಿ ಲೂ ಹೇಮರ್. ಹತ್ತಿ ತೋಟವೊಂದರಲ್ಲಿ ಪಾಲಿಗೆ ಬೇಸಾಯ ಮಾಡುತ್ತ, ಕೂಲಿಯವರ ಹಾಜರಿ ಬರೆಯುತ್ತ 18 ವರ್ಷ ಕಳೆದಿದ್ದವರು. ಅವರು ಮನೆ ಮುಟ್ಟುವಷ್ಟರಲ್ಲಿ ಧಣಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸ್ ತೆಗೆದುಕೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. ಅವತ್ತು ರಾತ್ರಿಯೇ ಅವರು ಹೊರಬಿದ್ದರು. ಮರುವರ್ಷ ವಿನೋನಾದ ಲಾಕಪ್ಪಿನಲ್ಲಿ ಬಿದ್ದ ಹೊಡೆತ ಜೀವನಪೂರ್ತಿ ಕಾಡಿತು. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅವರು ಇದನ್ನೆಲ್ಲ ಹೇಳಲು ಕುಳಿತಾಗ, ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಕರ್ತರನ್ನು ಕರೆದು ಕ್ಯಾಮೆರಾಗಳನ್ನು ತಮ್ಮತ್ತ ತಿರುಗಿಸಿಕೊಂಡರು. ರಾತ್ರಿ ಟಿವಿಯವರು ಹೇಮರ್ ಮಾತನ್ನು ಪ್ರಸಾರ ಮಾಡಿಯೇ ಬಿಟ್ಟರು.

ಹೇಮರ್ 1977ರಲ್ಲಿ ತೀರಿಕೊಂಡರು. ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಸಂದದ್ದು 2025ರ ಜನವರಿಯಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬಸ್ಸಿನಲ್ಲಿದ್ದ ಉಳಿದ 17 ಮಂದಿಯ ಹೆಸರನ್ನು ಎಷ್ಟು ಜನ ಹೇಳಬಲ್ಲರು? ಸಾಮೂಹಿಕ ಗೌರವದ ಉದಾಹರಣೆಗಳಿವೆ: ಅರ್ಜೆಂಟಿನಾದ ಸೇನಾಡಳಿತದಲ್ಲಿ ಕಾಣೆಯಾದ ಮಕ್ಕಳಿಗಾಗಿ ಬ್ಯೂನಸ್ ಐರಿಸ್‌ನ ಚೌಕದಲ್ಲಿ ಬಿಳಿ ವಸ್ತ್ರ ತಲೆಗೆ ಕಟ್ಟಿ ನಡೆದ ತಾಯಂದಿರಿಗೆ ಯುರೋಪಿಯನ್ ಸಂಸತ್ತು ಕೊಡುವ ಸಖರೋವ್ ಪ್ರಶಸ್ತಿ 1992ರಲ್ಲಿ ಒಟ್ಟಾಗಿ ಸಂದಿತು. ಆ ಹೊತ್ತಿಗೆ ಅವರಲ್ಲೂ ಎರಡು ಬಣ ಆಗಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಬಿರುಕಿಗೆ ಪ್ರಶಸ್ತಿಯೇ ಬೇಕೆಂದಿಲ್ಲ.

ಬದುಕಿದ್ದಾಗಲೇ ಕೊಡಿ ಎಂದರೆ ಅದರ ಕಷ್ಟವೂ ಇದೆ. ಮ್ಯಾನ್ಮಾರ್‌ನ ನಾಯಕಿ ಆಂಗ್ ಸಾನ್ ಸೂಕಿಗೆ 2009ರಲ್ಲಿ ಕೊಟ್ಟ ತನ್ನ ಅತ್ಯುನ್ನತ ಗೌರವವನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ 2018ರಲ್ಲಿ, ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ಅವರು ಬಾಯಿ ಬಿಡದ ಕಾರಣಕ್ಕೆ, ಹಿಂದಕ್ಕೆ ಪಡೆಯಿತು. ಯಾರ ಮುಂದಿನ ಬದುಕಿಗೂ ಯಾರೂ ಜಾಮೀನು ನಿಲ್ಲಲಾರರು. ಆದರೂ ತಡವಾಗಿ ಕೊಟ್ಟು ಸುರಕ್ಷಿತವಾಗಿರುವುದಕ್ಕಿಂತ ಬೇಗ ಕೊಟ್ಟು ಮುಜುಗರ ಪಡುವುದೇ ಮೇಲು ಎಂಬ ಪಂಗಡ ನನ್ನದು.

ಇನ್ನು ಸುದ್ದಿ ನಿಲ್ಲಿಸಿ ಎಂಬ ಕೋರಿಕೆ. ನಿಲ್ಲಿಸುವುದಿಲ್ಲ. ಬದಲಿಗೆ ಮುಂದಿನ ಸಂಚಿಕೆಯಿಂದ ಪ್ರಶಸ್ತಿಯ ಸುದ್ದಿ ಬಂದಾಗಲೆಲ್ಲ, ಅದೇ ಪ್ರಶಸ್ತಿಯನ್ನು ಐದು ವರ್ಷದ ಹಿಂದೆ ಪಡೆದವರು ಈಗ ಎಲ್ಲಿದ್ದಾರೆ, ಅವರ ಮೇಲಿನ ಕೇಸುಗಳು ಏನಾದವು, ಕೊಟ್ಟವರು ಆಮೇಲೆ ವಿಚಾರಿಸಿದರೇ ಎಂಬ ಟಿಪ್ಪಣಿಯನ್ನೂ ಕೆಳಗೆ ಹಾಕುತ್ತೇವೆ. ಯಾವುದಾದರೂ ಸಂಸ್ಥೆ ಉತ್ತರಿಸದಿದ್ದರೆ, ಉತ್ತರಿಸಲಿಲ್ಲ ಎಂದೇ ಅಚ್ಚು ಮಾಡುತ್ತೇವೆ.