ಹದಿನಾಲ್ಕು ಎಂಟಾಯಿತು, ನನ್ನ ಲಾರಿ ಬಾಡಿಗೆ ಯಾಕೆ ಇಳಿಯಲಿಲ್ಲ?

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

“ದೇಶದ ಸರಕು ಸಾಗಣೆ ವೆಚ್ಚ ಜಿಡಿಪಿಯ ಶೇ 8ರಷ್ಟು ಎಂದು ನಿಮ್ಮ ಕಳೆದ ಸಂಚಿಕೆಯಲ್ಲಿ ಓದಿದೆ. ಕೆಲವೇ ವರ್ಷದ ಹಿಂದೆ ಎಲ್ಲ ಪತ್ರಿಕೆಗಳೂ ಶೇ 14 ಅನ್ನುತ್ತಿದ್ದವು. ನನ್ನ ಮಗಳು ಪರೀಕ್ಷೆಗೆ ಓದುವ ನೋಟ್ಸ್‌ನಲ್ಲಿ ಈಗಲೂ 14 ಎಂದೇ ಇದೆ. ನಿಜವಾಗಿ ಅಷ್ಟು ಇಳಿದಿದ್ದರೆ ಬೆಂಗಳೂರಿಗೆ ನಾನು ಕೊಡುವ ಬಾಡಿಗೆ ಯಾಕೆ ಇಳಿದಿಲ್ಲ? ಸರ್ಕಾರದ ತುತ್ತೂರಿ ಊದುವ ಮೊದಲು ಗಿರಣಿಯವರನ್ನು ಒಂದು ಮಾತು ಕೇಳಬಾರದಿತ್ತೇ? ಊರಿಗೆ ರೈಲು ಬಂದ ಮೇಲೂ ಅಕ್ಕಿ ಲಾರಿಯಲ್ಲೇ ಹೋಗಬೇಕೇ? ಬಸ್ ಟಿಕೆಟ್ಟಿನ ಹಾಗೆ ಲಾರಿ ಬಾಡಿಗೆಯನ್ನೂ ಸರ್ಕಾರವೇ ಯಾಕೆ ನಿಗದಿ ಮಾಡಬಾರದು?”

ಮಾನ್ಯರೇ,

ತುತ್ತೂರಿಯ ಮಾತನ್ನು ಕೊನೆಗಿಟ್ಟುಕೊಂಡರೆ ಉತ್ತರ ಬರೆಯುವುದು ಕಷ್ಟ, ಮೊದಲೇ ಮುಗಿಸಿಬಿಡುತ್ತೇನೆ. ವೆಚ್ಚ 14ರಿಂದ 8ಕ್ಕೆ “ಇಳಿಯಿತು” ಎಂದು ನಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಇಳಿಯಿತು ಎಂದು ಭಾಷಣ ಮಾಡುವವರಿದ್ದಾರೆ, ಅದು ಬೇರೆ ಮಾತು. ನಿಮ್ಮ ಅನುಮಾನ ಅವರ ಮೇಲಿದ್ದರೆ ನಾನೂ ನಿಮ್ಮ ಕಡೆಯವನೇ.

ಆ ಹದಿನಾಲ್ಕರ ಕತೆ ಸ್ವಾರಸ್ಯವಾಗಿದೆ. ಸಲಹಾ ಸಂಸ್ಥೆಗಳ, ಉದ್ಯಮ ಸಂಘಗಳ ವರದಿಗಳಲ್ಲಿ ವರ್ಷಗಟ್ಟಲೆ ಓಡಾಡಿದ ಅಂದಾಜು ಅದು. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿ, ಮತ್ತೊಬ್ಬರು ಇಬ್ಬರನ್ನೂ ಉಲ್ಲೇಖಿಸಿ, ಕೊನೆಗೆ ಎಲ್ಲರಿಗೂ ಗೊತ್ತಿರುವ ಸತ್ಯವಾಯಿತು. 2022–23ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಂತೂ ಅದು 14ರಿಂದ 18 ಎಂದು ಬೆಳೆದಿತ್ತು. ಜಗತ್ತಿನ ಮಾನದಂಡ ಶೇ 8 ಎಂಬ ಹೋಲಿಕೆಯೂ ಜೊತೆಗಿತ್ತು. 2022ರ ಸೆಪ್ಟೆಂಬರ್ 17ರಂದು ಪ್ರಧಾನಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯನ್ನು ಬಿಡುಗಡೆ ಮಾಡಿದಾಗ ಹೇಳಿದ್ದು, 13–14ರಲ್ಲಿರುವ ವೆಚ್ಚವನ್ನು ಬೇಗ ಒಂದಂಕಿಗೆ, ಅಂದರೆ ಶೇ 10ರ ಕೆಳಕ್ಕೆ, ತರಬೇಕು ಎಂದು. ಆಗ ಸರ್ಕಾರದ ಕೈಯಲ್ಲಿ ತನ್ನದೇ ಆದ ಅಧಿಕೃತ ಅಳತೆ ಇರಲಿಲ್ಲ.

ಆ ಅಳತೆಯ ಕೆಲಸ ಆಮೇಲೆ ದೆಹಲಿಯ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಗೆ, ಅಂದರೆ ಎನ್‌ಸಿಎಇಆರ್‌ಗೆ ಬಂತು. 2023ರ ಡಿಸೆಂಬರಿನಲ್ಲಿ ಅವರ ವರದಿ ಹೊರಬಿದ್ದಾಗ 2021–22ರ ಸಾಲಿನ ವೆಚ್ಚ ಜಿಡಿಪಿಯ ಶೇ 7.8ರಿಂದ 8.9ರ ನಡುವೆ ಎಂದಿತ್ತು. ಆ ಸಾಲು ಮುಗಿದದ್ದು ನೀತಿ ಬಿಡುಗಡೆಗೆ ಆರು ತಿಂಗಳು ಮೊದಲು. ಅಂದರೆ ಯಾವ ಗುರಿಯತ್ತ ಹೊರಡೋಣ ಎಂದರೋ ಆ ಗುರಿಯ ಆಚೆಗೇ ನಾವು ನಿಂತಿದ್ದೆವು! 2025ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ವರದಿ, ದೇಶದಾದ್ಯಂತ ಉದ್ಯಮಗಳ ಸಮೀಕ್ಷೆಯನ್ನೂ ಸೇರಿಸಿಕೊಂಡು, 2023–24ಕ್ಕೆ ಶೇ 7.97 ಎಂದಿತು. ನಾವು ಅಚ್ಚು ಹಾಕಿದ 8 ಇದೇ.

ಹಾಗಾಗಿ ವೆಚ್ಚ ಇಳಿಯಿತೇ ಎಂಬ ಪ್ರಶ್ನೆಗೆ 14 ಮತ್ತು 8 ಎಂಬ ಎರಡು ಅಂಕಿಗಳ ನಡುವೆ ಉತ್ತರವಿಲ್ಲ. ಹೋದ ವರ್ಷ ಸೇರಿನಲ್ಲಿ ಅಳೆದು, ಈ ವರ್ಷ ಕಾಟಾ ಮೇಲೆ ತೂಗಿ, ಅಕ್ಕಿ ಕಡಿಮೆಯಾಯಿತು ಎಂದರೆ ನೀವು ಒಪ್ಪುತ್ತೀರಾ? ಮಗಳಿಗೆ ಹೇಳಿ: ಪ್ರಬಂಧದ ಪ್ರಶ್ನೆ ಬಂದರೆ 7.97 ಎಂದು ಬರೆದು ವರ್ಷವನ್ನೂ ಸಂಸ್ಥೆಯನ್ನೂ ನಮೂದಿಸಲಿ. ಬಹು ಆಯ್ಕೆಯ ಪ್ರಶ್ನೆಯಲ್ಲಿ 13–14 ಮಾತ್ರ ಇದ್ದರೆ ಅದಕ್ಕೇ ಗುರುತು ಹಾಕಲಿ, ಅಂಕ ಯಾಕೆ ಬಿಡಬೇಕು.

ಈಗ ಇನ್ನೂ ದೊಡ್ಡ ತೊಡಕು. ಜಿಡಿಪಿಯ ಶೇಕಡಾವಾರು ಎಂಬ ಅಳತೆಯೇ ಸಾಗಣೆ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಹೇಳಲಾರದು. ಚೀನಾವನ್ನು ನೋಡಿ. ಹೆದ್ದಾರಿ, ಬಂದರು, ಸರಕು ರೈಲು ಯಾವುದರಲ್ಲೂ ನಾವು ಅವರ ಹತ್ತಿರವಿಲ್ಲ. ಆದರೂ ಅವರದೇ ಅಧಿಕೃತ ಲೆಕ್ಕದಲ್ಲಿ 2023ರ ಸಾಗಣೆ ವೆಚ್ಚ ಜಿಡಿಪಿಯ ಶೇ 14.4. ಅಮೆರಿಕದ್ದು ಅದೇ ವರ್ಷ ಶೇ 8.7. ಹಾಗಾದರೆ ಭಾರತ ಚೀನಾಕ್ಕಿಂತ ಮುಂದೆ, ಅಮೆರಿಕಕ್ಕಿಂತಲೂ ಒಂದು ಹೆಜ್ಜೆ ಮುಂದೆಯೇ? ಹೊಸಪೇಟೆ ರಸ್ತೆಯಲ್ಲಿ ಓಡಾಡುವ ಯಾರೂ ಹಾಗೆ ಹೇಳಲಾರರು. ಕಲ್ಲಿದ್ದಲು, ಉಕ್ಕು, ಸಿಮೆಂಟು, ಕಾರ್ಖಾನೆಯ ಮಾಲು ಹೆಚ್ಚಿರುವ ದೇಶದಲ್ಲಿ ಒಂದೊಂದು ರೂಪಾಯಿ ಉತ್ಪನ್ನಕ್ಕೂ ಹೊರುವ ತೂಕ ಹೆಚ್ಚು. ನಮ್ಮ ಜಿಡಿಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೇವೆಗಳದ್ದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಕೋಟಿಗಟ್ಟಲೆ ಗಳಿಸಲು ಒಂದು ಲಾರಿಯೂ ಬೇಡ, ಆದರೆ ಆ ಗಳಿಕೆ ಭಾಗಾಕಾರದ ಕೆಳಗೆ ಕೂತು ನಮ್ಮ ಶೇಕಡಾವಾರನ್ನು ತಗ್ಗಿಸುತ್ತದೆ. ಸೇವೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಎನ್‌ಸಿಎಇಆರ್‌ನದೇ ಅಂಕಿ ಶೇ 9ಕ್ಕೆ ಏರುತ್ತದೆ.

ನಿಮಗೆ ನೇರವಾಗಿ ಸಂಬಂಧಿಸಿದ್ದು ಅದೇ ವರದಿಯ ಇನ್ನೊಂದು ಸಾಲು. ಪತ್ರಿಕೆಗಳು ಅದನ್ನು ದಾಟಿಕೊಂಡು ಹೋದವು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದ ಉದ್ಯಮಗಳಿಗೆ ಸಾಗಣೆ ವೆಚ್ಚ ಅವುಗಳ ಉತ್ಪನ್ನದ ಶೇ 17ರ ಆಸುಪಾಸಿನಲ್ಲಿದೆ. 250 ಕೋಟಿ ದಾಟಿದವರಿಗೆ ಶೇ 8ಕ್ಕೂ ಕಡಿಮೆ. ನಿಮ್ಮ ಗಿರಣಿಯ ವಹಿವಾಟು ಎಷ್ಟೆಂದು ನೀವು ಬರೆದಿಲ್ಲ, ಕೇಳುವುದು ಸೌಜನ್ಯವೂ ಅಲ್ಲ. ದೊಡ್ಡವರು ವರ್ಷದ ಗುತ್ತಿಗೆ ಮಾಡಿಕೊಳ್ಳುತ್ತಾರೆ, ವಾಪಸ್ ಲೋಡನ್ನೂ ತಾವೇ ಹೊಂದಿಸುತ್ತಾರೆ. ಸಣ್ಣವರು ಲೋಡು ಸಿದ್ಧವಾದ ದಿನ ಬ್ರೋಕರಿಗೆ ಫೋನ್ ಮಾಡಿ, ಅವನು ಹೇಳಿದ ರೇಟಿಗೆ ಒಂದೆರಡು ಸಾವಿರ ಚೌಕಾಸಿ ಮಾಡುತ್ತಾರೆ. ದೇಶದ ಸರಾಸರಿ 8 ಎಂದಾಗ ಈ ಇಬ್ಬರೂ ಅದರೊಳಗೇ ಇದ್ದಾರೆ.

ಇನ್ನು ಬಾಡಿಗೆ ಯಾಕೆ ಇಳಿಯಲಿಲ್ಲ ಎಂಬುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಕೆಲವೇ ದಿನಗಳಲ್ಲಿ 22 ರಾಜ್ಯಗಳು ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳನ್ನು ಎತ್ತಿದವು. ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ರಾತ್ರಿ ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿಗಳಿಗೆ ಅದು ದೊಡ್ಡ ಬಿಡುಗಡೆ. ಆದರೆ ಗಂಗಾವತಿಯಿಂದ ಬೆಂಗಳೂರಿಗೆ ಹೋಗುವ ಲಾರಿ ಯಾವ ರಾಜ್ಯದ ಗಡಿಯನ್ನೂ ದಾಟುವುದಿಲ್ಲ. ಆ ಸುಧಾರಣೆಯಲ್ಲಿ ನಿಮಗೆ ಸಿಗಬೇಕಾದ ಉಳಿತಾಯವೇ ಇರಲಿಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದಾಗ ಟೋಲ್‌ನಲ್ಲಿ ಕಾಯುವುದು ತಪ್ಪಿತು, ಟೋಲ್ ತಪ್ಪಲಿಲ್ಲ.

ಡೀಸೆಲ್ ನೋಡಿ. 2024ರ ಜೂನಿಗೆ ಮೊದಲು ರಾಜ್ಯದಲ್ಲಿ ಡೀಸೆಲ್ ಮಾರಾಟ ತೆರಿಗೆ ಶೇ 14ಕ್ಕಿಂತ ಸ್ವಲ್ಪ ಮೇಲಿತ್ತು. ಆ ತಿಂಗಳು ಶೇ 18.44 ಆಯಿತು, 2025ರ ಏಪ್ರಿಲ್ 1ರಿಂದ ಶೇ 21.17. ಲಾರಿ ಮಾಲೀಕರು ಅದೇ ಏಪ್ರಿಲಿನಲ್ಲಿ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬೇಕು, ಆ ವಾರ ನಿಮ್ಮ ಮೂಟೆಗಳೂ ಗೋಡೌನಿನಲ್ಲೇ ಕೂತಿರುತ್ತವೆ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಈ ತೆರಿಗೆಯನ್ನು ಲಾರಿಯವನು ಎಲ್ಲಿಯೂ ವಜಾ ಮಾಡಿಕೊಳ್ಳಲಾರ. ಅಕ್ಕಿಯ ಸಾಗಣೆಗೆ ಜಿಎಸ್‌ಟಿ ವಿನಾಯಿತಿ ಇದೆ ಎಂದು ನೀವು ನೆಮ್ಮದಿಯಾಗಿರಬಹುದು, ಆದರೆ ತೆರಿಗೆ ಬಾಡಿಗೆಯ ಹೊಟ್ಟೆಯೊಳಗೆ ಕೂತು ನಿಮ್ಮ ಬಾಗಿಲಿಗೆ ಬಂದೇ ಬರುತ್ತದೆ.

ಇನ್ನೊಂದು ಕಾಯುವಿಕೆ. ಲಾರಿ ಮಾಲೀಕ ಲೆಕ್ಕ ಹಾಕುವುದು ಕಿಲೋಮೀಟರಿಗಿಂತ ದಿನಗಳಲ್ಲಿ. ರಾತ್ರಿ ಹೊರಟ ಗಾಡಿ ಬೆಳಗಾಗುವುದರೊಳಗೆ ಮಾರುಕಟ್ಟೆ ಮುಟ್ಟದಿದ್ದರೆ ನಗರದೊಳಗೆ ಹಗಲು ಭಾರಿ ವಾಹನಗಳಿಗೆ ನಿರ್ಬಂಧ. ಮುಟ್ಟಿದರೂ ಹಮಾಲರ ಸರದಿ ಬರಬೇಕು. ಇಳಿಸಿದ ಮೇಲೆ ನಿಮ್ಮ ಕಡೆಗೆ ವಾಪಸ್ ಲೋಡು ಸಿಗಬೇಕು. ಸಿಗದಿದ್ದರೆ ಖಾಲಿ ಬರುವ ಡೀಸೆಲ್ಲೂ ನಿಮ್ಮ ಹೋಗುವ ಬಾಡಿಗೆಯಲ್ಲೇ ಸೇರಿರುತ್ತದೆ. ನೂರಾರು ಕಿಲೋಮೀಟರ್ ರಸ್ತೆಯನ್ನು ಎಷ್ಟೇ ನುಣುಪು ಮಾಡಿದರೂ ಈ ನಿಲುಗಡೆ ಕರಗುವುದಿಲ್ಲ. ಸಾಗಣೆ ನೀತಿ ಎಂದರೆ ಹೆದ್ದಾರಿ ಎಂದುಕೊಂಡಿರುವ ನಮ್ಮ ನೀತಿಕಾರರಿಗೆ ಯಶವಂತಪುರದ ಮಾರುಕಟ್ಟೆ ಅಂಗಳ ಕಾಣುವುದಿಲ್ಲ ಎಂಬುದು ನನ್ನ ದೂರು.

ಇಷ್ಟು ಹೇಳಿದ ಮೇಲೆ ನಿಮಗೆ ರುಚಿಸದ ಒಂದು ಮಾತು. ನಿಮ್ಮ ಬಾಡಿಗೆ ದುಬಾರಿ ಎಂದು ನೀವು ಬರೆದಿದ್ದೀರಿ. ನನಗೆ ಅದು ಹಲವು ಲೆಕ್ಕದಲ್ಲಿ ಅಗ್ಗವಾಗಿಯೇ ಕಾಣುತ್ತದೆ, ಯಾಕೆಂದರೆ ಅದರ ಒಂದು ಪಾಲನ್ನು ಬೇರೆಯವರು ಕಟ್ಟುತ್ತಿದ್ದಾರೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ, ಅಂದರೆ ಚಕ್ರಗಳನ್ನು ಜೋಡಿಸುವ ಒಂದೊಂದು ಅಚ್ಚು ಹೊರಬಹುದಾದ ತೂಕದ, ಮಿತಿ ಏರಿಸಿತು. ನಾಲ್ಕು ಟೈರಿನ ಒಂದು ಆಕ್ಸಲ್ 10.2 ಟನ್ ಹೊರಬಹುದಿತ್ತು, 11.5 ಟನ್ ಆಯಿತು. ಸಾಗಣೆ ವೆಚ್ಚ ತಗ್ಗಿಸುವುದೇ ಉದ್ದೇಶ. ರಸ್ತೆಯ ಮೇಲೆ ಇದರ ಪರಿಣಾಮ ಏನೆಂದು ತಿಳಿಯಲು ಬಹಳ ಹಳೆಯ ಒಂದು ಪ್ರಯೋಗ ಸಾಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಬಳಿ ಬಗೆಬಗೆಯ ದಪ್ಪದ ರಸ್ತೆಗಳನ್ನು ಕಟ್ಟಿ, ಸೇನೆಯ ಚಾಲಕರಿಂದ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ರಸ್ತೆ ಹೇಗೆ ಸವೆಯುತ್ತದೆ ಎಂದು ನೋಡಿದರು. ಅದರಿಂದ ಎಂಜಿನಿಯರುಗಳು ಕಂಡುಕೊಂಡ ಸೂತ್ರ: ಹಾನಿ ಭಾರದ ಜೊತೆ ನೇರವಾಗಿ ಏರುವುದಿಲ್ಲ, ಸರಿಸುಮಾರು ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆ, ಅಂದರೆ ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. 10.2 ಟನ್ 11.5 ಆದರೆ ಭಾರ ಹೆಚ್ಚಿದ್ದು ಶೇ 13ರಷ್ಟು, ಆ ಆಕ್ಸಲ್ ಒಮ್ಮೆ ಹಾದುಹೋದರೆ ಆಗುವ ಸವೆತ ಶೇ 60ರಷ್ಟು ಹೆಚ್ಚು. ಟ್ರಿಪ್ಪುಗಳು ಸ್ವಲ್ಪ ಕಡಿಮೆಯಾದಾವು, ಆದರೆ ಇದನ್ನು ಸರಿದೂಗಿಸುವಷ್ಟಲ್ಲ. ಇದು ಕಾನೂನಿನೊಳಗಿನ ಲೆಕ್ಕ. ಮಿತಿ ಮೀರಿ ತುಂಬಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ, ಅದಿರಿನ ಕಾಲದಲ್ಲಿ ಸಂಡೂರು–ಹೊಸಪೇಟೆ–ಬಳ್ಳಾರಿ ರಸ್ತೆಗಳ ಗತಿ ಏನಾಯಿತೆಂದು ನಿಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಆ ರಿಪೇರಿಯ ಹಣ ಲೋಕೋಪಯೋಗಿ ಇಲಾಖೆಯ ಖಾತೆಯಲ್ಲಿ ಬರುತ್ತದೆ, ಅದಿರಿನ ಬೆಲೆಯಲ್ಲಲ್ಲ.

ಚಾಲಕನದ್ದೂ ಹಾಗೆಯೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದಿತು. ರಾತ್ರಿಯೆಲ್ಲ ಓಡಿಸಿ, ಬೆಳಗ್ಗೆ ಗಾಡಿಯ ಕೆಳಗೇ ಮಲಗಿ, ಸಂಜೆ ಮತ್ತೆ ಹೊರಡುವವನನ್ನು ನೀವು ದಿನಾ ನೋಡುತ್ತೀರಿ. ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರ ನಂತರ ತಯಾರಾದ ಲಾರಿಗಳಿಗೆ ಮಾತ್ರ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಲ್ಲವನ್ನೂ ಲಾರಿಯ ತಲೆಗೆ ಕಟ್ಟುವುದು ಅನ್ಯಾಯ, ಆದರೆ ನಿದ್ದೆಗೆಟ್ಟ ಚಾಲಕ ಮತ್ತು ಹೆಚ್ಚು ತುಂಬಿದ ಗಾಡಿಯ ಪಾಲು ಅದರಲ್ಲಿಲ್ಲ ಎಂದು ಯಾರೂ ಹೇಳರು. 7.97ರಲ್ಲಿ ಇವು ಯಾವುವೂ ಕಾಣವು.

ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1951ರಲ್ಲಿ ದೇಶದ ಸರಕಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ರೈಲಿನಲ್ಲಿ ಹೋಗುತ್ತಿತ್ತು, ಈಗ ರೈಲ್ವೆಯ ಲೆಕ್ಕದಲ್ಲೇ ಶೇ 27ರ ಆಸುಪಾಸು. ನಿಮ್ಮೂರಿನ ಹಳಿ ಈಗ ಸಿಂಧನೂರಿನವರೆಗೆ ಮುಟ್ಟಿದೆ, ಸಂತೋಷ. ಆದರೆ ರೈಲ್ವೆಗೆ ಸಾಮಾನ್ಯವಾಗಿ ಬೇಕಾದದ್ದು ಪೂರ್ಣ ರೇಕ್, ಅಂದರೆ ಇಡೀ ಒಂದು ಗೂಡ್ಸ್ ರೈಲು ತುಂಬುವಷ್ಟು ಮಾಲು, ಒಂದೇ ಸಲಕ್ಕೆ ಎರಡೂವರೆ ಸಾವಿರ ಟನ್ನಿಗೂ ಹೆಚ್ಚು. ಭಾರತೀಯ ಆಹಾರ ನಿಗಮಕ್ಕೆ ಅದು ಸರಿ, ದಿನಕ್ಕೆ ಒಂದೆರಡು ಲೋಡು ಕಳಿಸುವ ಗಿರಣಿಗೆ ಆಗದು. ಮೇಲಾಗಿ ಗಿರಣಿಯಿಂದ ನಿಲ್ದಾಣಕ್ಕೆ ಒಂದು ಲಾರಿ, ಅಲ್ಲಿಂದ ಮಾರುಕಟ್ಟೆಗೆ ಇನ್ನೊಂದು, ನಡುವೆ ಎರಡು ಸಲ ಹಮಾಲಿ. ಗಂಗಾವತಿ–ಬೆಂಗಳೂರಿನಷ್ಟು ದೂರಕ್ಕೆ ಈ ಖರ್ಚು ರೈಲಿನ ಲಾಭವನ್ನು ನುಂಗಿಬಿಡುತ್ತದೆ. ಲಾರಿಯನ್ನೇ ರೈಲಿನ ಮೇಲೇರಿಸುವ ರೋ-ರೋ ಸೇವೆಯನ್ನು ಕೊಂಕಣ ರೈಲ್ವೆ 1999ರಿಂದ ನಡೆಸುತ್ತಿದೆ, ಆದರೆ ಅದು ಘಟ್ಟ-ಕರಾವಳಿಯ ಕಷ್ಟದ ರಸ್ತೆಗೆ ಹೇಳಿ ಮಾಡಿಸಿದ್ದು. ಹತ್ತಾರು ಗಿರಣಿಗಳು ಸೇರಿ ತಿಂಗಳಿಗೊಂದೆರಡು ರೇಕ್ ತುಂಬಿ ದೂರದ ಊರುಗಳಿಗೆ ಕಳಿಸಿದರೆ ಮಾತು ಬೇರೆ. ನಿಮ್ಮ ಗಿರಣಿ ಮಾಲೀಕರ ಸಂಘ ಅದನ್ನು ಯೋಚಿಸಬಹುದು.

ಕೊನೆಯದಾಗಿ, ಸರ್ಕಾರವೇ ಬಾಡಿಗೆ ನಿಗದಿ ಮಾಡಲಿ ಎಂಬ ನಿಮ್ಮ ಬೇಡಿಕೆ. ಕಾನೂನಿನಲ್ಲಿ ದಾರಿ ಇದೆ: 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಸರಕು ಬಾಡಿಗೆ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಬಸ್ಸಿನಂತೆ ಇಲ್ಲಿ ಒಂದು ನಿಗಮವಿಲ್ಲ; ಒಂದೆರಡು ಗಾಡಿ ಇಟ್ಟುಕೊಂಡು ಕಂತು ಕಟ್ಟುತ್ತಿರುವ ಸಾವಿರಾರು ಮಂದಿ ಇದ್ದಾರೆ. ಲೋಡು ಕಡಿಮೆಯಿರುವ ತಿಂಗಳಲ್ಲಿ ಅವರೇ ನಿಗದಿತ ದರಕ್ಕಿಂತ ಕೆಳಗಿಳಿಯುತ್ತಾರೆ, ಸುಗ್ಗಿಯಲ್ಲಿ ಮೇಲೇರುತ್ತಾರೆ. ಎಲ್‌ಆರ್‌ನಲ್ಲಿ, ಅಂದರೆ ಲಾರಿ ರಸೀದಿಯಲ್ಲಿ, ಒಂದು ರೇಟು, ಕೈಯಲ್ಲಿ ಇನ್ನೊಂದು ಎಂದಾಗುತ್ತದೆ. ನೀವು ಒತ್ತಾಯಿಸುವುದಾದರೆ ಎರಡನ್ನು ಒತ್ತಾಯಿಸಿ. ಮಾರುಕಟ್ಟೆಯ ಅಂಗಳದಲ್ಲಿ ಗಾಡಿ ಇಂತಿಷ್ಟು ಗಂಟೆಗಿಂತ ಹೆಚ್ಚು ನಿಂತರೆ ಹಾಲ್ಟಿಂಗ್ ಹಣವನ್ನು ಮಾಲು ಇಳಿಸಿಕೊಳ್ಳುವವರೇ ಕೊಡಬೇಕೆಂಬ ನಿಯಮ ಒಂದು. ಇನ್ನೊಂದು, ಡೀಸೆಲ್ಲನ್ನು ಜಿಎಸ್‌ಟಿಗೆ ತರುವುದು. ಸಂವಿಧಾನದ 279ಎ ವಿಧಿಯ ಪ್ರಕಾರ ಅದರ ದಿನಾಂಕವನ್ನು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು, ಇದುವರೆಗೆ ಮಾಡಿಲ್ಲ. ಮಂಡಳಿಯಲ್ಲಿ ಕೂರುವ ರಾಜ್ಯಗಳಿಗೆ ತಮ್ಮ ಇಷ್ಟದಂತೆ ಏರಿಸಬಹುದಾದ ತೆರಿಗೆಗಳಲ್ಲಿ ಉಳಿದಿರುವುದು ಇಂಧನ, ಮದ್ಯ ಮತ್ತು ಬೆರಳೆಣಿಕೆಯ ಬೇರೆ ಬಾಬ್ತುಗಳು ಮಾತ್ರ. ಗ್ಯಾರಂಟಿಗಳಿಗೆ ಹಣ ಹೊಂದಿಸುತ್ತಿರುವ ನಮ್ಮ ರಾಜ್ಯ ಸದ್ಯಕ್ಕಂತೂ ಅದನ್ನು ಬಿಟ್ಟುಕೊಡುವ ಸೂಚನೆ ಇಲ್ಲ.

— ಸಂಪಾದಕ