ಜಿಎನ್‌ಎಂ ಸಾಕೇ, ಪದವಿ ಬೇಕೇ? ನರ್ಸ್‌ಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆಯ ಡಿಪ್ಲೊಮಾ) ಮುಗಿಸಿ ಒಂಬತ್ತು ವರ್ಷವಾಯಿತು. ಇನ್ನು ಪದವಿ ಇದ್ದವರಿಗೇ ಬೆಲೆ ಎಂದು ವಾರ್ಡಿನಲ್ಲೆಲ್ಲ ಮಾತು. ಜಿಎನ್‌ಎಂ ಆದವರು ಮುಂದೆ ಓದುವ ಪದವಿ, ಪೋಸ್ಟ್ ಬೇಸಿಕ್ ಬಿಎಸ್ಸಿ, ಮಾಡಲೇಬೇಕೇ?

ಉತ್ತರ: ಗಾಬರಿ ಬೇಡ. ಜಿಎನ್‌ಎಂ ಆದವರಿಗೂ ಬಿಎಸ್ಸಿ ಆದವರಿಗೂ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಸಿಗುವುದು ಅದೇ ಆರ್‌ಎನ್-ಆರ್‌ಎಂ (ನರ್ಸ್ ಮತ್ತು ಸೂಲಗಿತ್ತಿ) ನೋಂದಣಿ. ವ್ಯತ್ಯಾಸ ಕಾಣುವುದು ನೇಮಕಾತಿಯಲ್ಲಿ. ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಪದವೀಧರರು ಅನುಭವವಿಲ್ಲದೆಯೂ ಅರ್ಜಿ ಹಾಕಬಹುದು. ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ನಿಮ್ಮ ಅನುಭವ ಪತ್ರದಲ್ಲಿ ಹಾಸಿಗೆಗಳ ಸಂಖ್ಯೆಯೂ, ಸೇರಿದ ಮತ್ತು ಬಿಟ್ಟ ತಾರೀಖುಗಳೂ ಇರಲಿ. ‘ಚೆನ್ನಾಗಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಬರೆದ ಪತ್ರ ದಾಖಲೆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ಬೋಧನೆಗೆ ಹೋಗುವ, ಎಂಎಸ್ಸಿ ಮಾಡುವ ಆಸೆಯಿದ್ದರೆ ಪೋಸ್ಟ್ ಬೇಸಿಕ್‌ನ 2 ವರ್ಷ ಸಾರ್ಥಕ. ಎಂಎಸ್ಸಿಗೆ ಕೇಳುವ ಒಂದು ವರ್ಷದ ಅನುಭವ ಪೋಸ್ಟ್ ಬೇಸಿಕ್‌ಗೆ ಮುಂಚಿನದಾದರೂ ನಡೆಯುತ್ತದೆ. ನೀವು ಅದನ್ನು ಆಗಲೇ ದಾಟಿದ್ದೀರಿ. ಸೇವೆಯಲ್ಲಿದ್ದರೆ ರಜೆಯ ಲಿಖಿತ ಆದೇಶ ಕೈಗೆ ಬಂದ ಮೇಲೆಯೇ ಶುಲ್ಕ ಕಟ್ಟಿ. ಪಾಸಾದ ಮೇಲೆ ಪರಿಷತ್ತಿನಲ್ಲಿ ಹೆಚ್ಚುವರಿ ವಿದ್ಯಾರ್ಹತೆಯಾಗಿ ಸೇರಿಸಿಕೊಳ್ಳುವುದನ್ನು ಮರೆಯಬೇಡಿ. ಬಹಳಷ್ಟು ಮಂದಿ ಎಡವುವುದು ಇಲ್ಲೇ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಈಗ ಸೆಮಿಸ್ಟರ್ ಪದ್ಧತಿಗೆ ಬದಲಾಗಿದೆ. ಅದರಲ್ಲಿ ಬರುವ ವಿದ್ಯಾರ್ಥಿಗಳು ಅಸೈನ್‌ಮೆಂಟ್ ಬರೆಯುತ್ತಾರೆ, ಕೈಕೆಲಸ ಬರುವುದಿಲ್ಲ. ಈ ಬದಲಾವಣೆಯಿಂದ ಆದ ಲಾಭವೇನು? (ವಾರ್ಡ್ ಇನ್‌ಚಾರ್ಜ್ ಒಬ್ಬರು)

ಉತ್ತರ: ದೂರು ನಿಜ, ಆದರೆ ತಪ್ಪು ಪಠ್ಯಕ್ರಮದ್ದಲ್ಲ. ಹೊಸ ಬಿಎಸ್ಸಿಯ ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್: 22 ವಾರ, ವಾರಕ್ಕೆ 48 ಗಂಟೆ. ದೊಡ್ಡವರ ವಾರ್ಡಿಗೆ 6 ವಾರ; ಮಕ್ಕಳ, ಹೆರಿಗೆ, ಮನೋರೋಗ, ಸಮುದಾಯ ವಿಭಾಗಗಳಿಗೆ ತಲಾ 4. ಈ ಗಂಟೆಗಳು ಬಿಪಿ ನೋಡುವುದರಲ್ಲಿ, ಫೈಲ್ ಹೊರುವುದರಲ್ಲಿ ಕಳೆದು, ಕೊನೆಯ ವಾರ ಲಾಗ್‌ಬುಕ್ಕಿಗೆ (ಕಲಿತ ಕೆಲಸಗಳ ದಾಖಲೆ ಪುಸ್ತಕಕ್ಕೆ) ಒಟ್ಟಿಗೆ ಸಹಿ ಬಿದ್ದರೆ ವಿದ್ಯಾರ್ಥಿ ಕಲಿಯುವುದೇನು?

ಒಂದೇ ಒಂದು ಕೆಲಸ ತೆಗೆದುಕೊಳ್ಳಿ: ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದವರಿಗೆ ಕೊಡುವ ಪೊಟ್ಯಾಸಿಯಂ ಕ್ಲೋರೈಡನ್ನು ಡ್ರಿಪ್ ಬಾಟಲಿಗೆ ಬೆರೆಸುವುದು. 15 ಶೇಕಡದ 10 ಎಂಎಲ್ ಆಂಪೂಲಿನಲ್ಲಿ ಸುಮಾರು 20 ಮಿಲಿಈಕ್ವಿವಲೆಂಟ್ (ಲವಣಾಂಶ ಅಳೆಯುವ ಮಾನ) ಪೊಟ್ಯಾಸಿಯಂ ಇರುತ್ತದೆ, ಅದನ್ನು ನೇರವಾಗಿ ರಕ್ತನಾಳಕ್ಕೆ ಕೊಡಬಾರದು ಎಂದು ವಿದ್ಯಾರ್ಥಿ ಥಟ್ಟನೆ ಹೇಳುತ್ತಾಳೆ. ಆದರೆ ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿಗೇ ಚುಚ್ಚಿ ಹೊರಟುಬಿಡುತ್ತಾಳೆ. ಭಾರದ ದ್ರಾವಣ ತಳದಲ್ಲಿ ಕೂತು, ಮೊದಲು ಆ ದ್ರಾವಣವೇ ರೋಗಿಯ ಮೈಸೇರುತ್ತದೆ. ಹೃದಯದ ಲಯ ತಪ್ಪಿ ಜೀವಕ್ಕೇ ಕುತ್ತು. ಡ್ರಿಪ್ ನಳಿಕೆಯ ಕ್ಲಾಂಪ್ ಮುಚ್ಚಿ, ಬಾಟಲಿ ಕೆಳಗಿಳಿಸಿ, ಬೆರೆಸಿ, ಹತ್ತು ಬಾರಿ ತಲೆಕೆಳಗು ಮಾಡಿ, ಲೇಬಲ್ ಹಚ್ಚಿ, ಆಮೇಲೆ ತೂಗುಹಾಕಬೇಕು. ಇದನ್ನು ಪಕ್ಕದಲ್ಲಿ ನಿಂತು ತೋರಿಸಿ, ಆಮೇಲೆ ಅವಳ ಕೈಯಲ್ಲಿ ಮಾಡಿಸಿ, ಆ ದಿನವೇ ಸಹಿ ಹಾಕಿ. ಪದವಿಯ ಓದು ‘ಏಕೆ’ ಎಂದು ಕೇಳಲು ಕಲಿಸುತ್ತದೆ, ಅದು ದೊಡ್ಡ ಲಾಭವೇ. ‘ಹೇಗೆ’ ಎಂಬುದಕ್ಕೆ ನಿಮ್ಮಂಥ ಹಿರಿಯರೇ ಬೇಕು. ಇನ್‌ಚಾರ್ಜ್‌ಗೆ ಕಲಿಸಲು ಸಮಯ ಮೀಸಲಿಡದ ಆಸ್ಪತ್ರೆಗಳದ್ದೂ ಇದರಲ್ಲಿ ಪಾಲಿದೆ.

ಪ್ರಶ್ನೆ: ನೋಂದಣಿ ನವೀಕರಣಕ್ಕೆ ತರಬೇತಿ ಗಂಟೆ ಕೇಳುತ್ತಾರಂತೆ?

ಉತ್ತರ: ಹೌದು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ 5 ವರ್ಷಕ್ಕೆ 150 ಗಂಟೆಯ ನಿರಂತರ ಶಿಕ್ಷಣ. ವರ್ಷಕ್ಕೆ 30 ಗಂಟೆಯಂತೆ ಹಂಚಿಕೊಳ್ಳಿ. ಕಾರ್ಯಾಗಾರಕ್ಕೆ ಹೆಸರು ಕೊಡುವ ಮುನ್ನ ರಾಜ್ಯ ಪರಿಷತ್ತು ಅದಕ್ಕೆ ಕ್ರೆಡಿಟ್ (ಲೆಕ್ಕಕ್ಕೆ ಸಿಗುವ ತರಬೇತಿ ಗಂಟೆ) ಮಂಜೂರು ಮಾಡಿದೆಯೇ ಕೇಳಿ. ಪ್ರಮಾಣಪತ್ರದಲ್ಲಿ ನಿಮ್ಮ ನೋಂದಣಿ ಸಂಖ್ಯೆ ಸರಿಯಾಗಿದೆಯೇ ಎಂದು ಅಲ್ಲೇ ನೋಡಿಕೊಂಡು ಬನ್ನಿ.